ಪರವಾಗಿ ಎರಡು ಮಾತು

ಫೋನ್ ಎತ್ತಿದ ಕೂಡಲೇ ಆ ಕಡೆಯ ಹೆಂಗಸು, "ಎನಿಡ್ ಇದಾಳಾ?" ಎಂದಳು.

"ಕೆಳಗಿದಾಳೆ. ನಾನು ಕ್ಲೈವ್."

"ಯಾರು?"

"ಕ್ಲೈವ್ ಟ್ರೆಗಿಯರ್."

"ಓ, ಅವಳ ಗಂಡಾನಾ! ಒಳ್ಳೇದಾಯ್ತು ಬಿಡು. ಮಧ್ಯಾಹ್ನ ನಮ್ಮ ಬೀದಿಯೋರೆಲ್ಲ ಬರ್ತೀವಿ ಅಂತ ಹೇಳ್ಬಿಡಪ್ಪಾ. ಮರೀಬೇಡ ಮತ್ತೆ."

ಮರೆಯುವುದಿಲ್ಲ ಎಂದು ಫೋನ್ ಇಟ್ಟ ಮೇಲೂ ಅವನ ಕೈ ಅದರ ಮೇಲೆಯೇ ಇತ್ತು. ದನಿ ಅವನಿಗೆ ಗುರುತು ಸಿಕ್ಕಿತ್ತು. ನದಿಯ ಪಕ್ಕದ ತಗ್ಗಿನ ಬೀದಿಯವಳು. ನೆರೆ ಬಂದಾಗ ಅವಳ ಮನೆ ಮೆಟ್ಟಿಲವರೆಗೆ ನೀರು ಬರುತ್ತದೆಂದು ಬ್ರಿಸ್ಬೇನಿನ ವಿಧಾನಸಭೆಯಲ್ಲಿ ಎದ್ದು ನಿಂತು ಮಾತಾಡಿದವನು ತಾನು. ಆ ಬೀದಿಗೆ ಮೋರಿ ಬಂದದ್ದು ತನ್ನಿಂದ. ಹಾಗೆಂದು ಅವಳಿಗೆ ಗೊತ್ತೇ ಇರಲಿಕ್ಕಿಲ್ಲ. ಮೋರಿ ಆದ ದಿನ ಅವಳು ಕೇಕ್ ಮಾಡಿಕೊಂಡು ಬಂದದ್ದು ಎನಿಡ್‌ಗೆ. ವರಾಂಡಕ್ಕೆ ಮರಳಿ ಬೆತ್ತದ ಕುರ್ಚಿಯಲ್ಲಿ ಕೂತು ಸೋಮವಾರದ ಕೇಸಿನ ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡ. ಒಬ್ಬ ದನದ ವ್ಯಾಪಾರಿ, ಇನ್ನೊಬ್ಬನ ಬೇಲಿ, ಒಂದು ಕೈಗಾಡಿ. ಕಣ್ಣು ಸಾಲುಗಳ ಮೇಲೆ ಹರಿಯುತ್ತಿತ್ತು, ಮನಸ್ಸು ಹಿಂದೆ ಬರುತ್ತಿರಲಿಲ್ಲ. ನವೆಂಬರಿನ ಬೇಸಿಗೆ ಬಿಸಿಲಿಗೆ ತಗಡಿನ ಛಾವಣಿ ಆಗಾಗ ಟಪ್ಪೆನ್ನುತ್ತಿತ್ತು. ಕಂಬಗಳ ಮೇಲೆ ನಿಂತ ಆ ಮನೆಯ ಕೆಳಗಿನ ನೆರಳಿನಲ್ಲಿ ಎನಿಡ್ ಬಟ್ಟೆ ಹಿಂಡುತ್ತ ಎದುರು ಮನೆಯ ಡಲ್ಸಿಯ ಜೊತೆ ಮಾತಾಡುತ್ತಿದ್ದಳು, ಇಬ್ಬರ ನಗು ನೆಲದ ಹಲಗೆಗಳ ಸಂದಿಯಿಂದ ಮೇಲೆ ಬರುತ್ತಿತ್ತು. ತನ್ನ ಬಗ್ಗೆ ನಗುತ್ತಿಲ್ಲ ಎಂದು ಅವನಿಗೆ ಗೊತ್ತಿತ್ತು. ನಗುತ್ತಿದ್ದರೆ ಎಷ್ಟೋ ವಾಸಿಯಿತ್ತು.

ಅವನು ಶಾಸಕನಾಗಿದ್ದದ್ದು ಸ್ವಲ್ಪ ಕಾಲ. ಹಳೆಯ ಶಾಸಕ ಸತ್ತು ಉಪಚುನಾವಣೆ ಬಂದಾಗ ಪಕ್ಷದವರು ಬ್ಯಾರಿಸ್ಟರನ ಹೆಸರು ಚೆನ್ನಾಗಿ ಕಾಣುತ್ತದೆಂದು ನಿಲ್ಲಿಸಿದರು, ಗೆದ್ದ. ಮುಂದಿನ ಚುನಾವಣೆಯಲ್ಲಿ ಸೋತ. ಯಾರಾದರೂ ಕೇಳಿದರೆ, ರಾಜಕೀಯ ನನಗೆ ಹಿಡಿಸಲಿಲ್ಲ, ವಕೀಲಿಗೆ ವಾಪಸು ಬಂದೆ, ಎನ್ನುತ್ತಿದ್ದ. ಎಷ್ಟು ಸಲ ಹೇಳಿದ್ದನೆಂದರೆ ಅದು ಅರ್ಧ ನಿಜವಾಗಿತ್ತು. ಆ ಉಪಚುನಾವಣೆಯಲ್ಲಿ ಅವನು ಗೇಟಿನ ಹತ್ತಿರ ಹ್ಯಾಟು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ. ಎನಿಡ್ ಗೇಟು ತಳ್ಳಿಕೊಂಡು ಸೀದಾ ಮನೆಯ ಕೆಳಗೆ ಹೋಗಿ, ಒಗೆಯುವವಳ ಎದುರು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು, ದುಪ್ಪಟಿಯ ಇನ್ನೊಂದು ತುದಿ ಹಿಡಿದು ಹಿಂಡಿಕೊಟ್ಟು ಬರುತ್ತಿದ್ದಳು. ಬೀದಿಯ ಕೊನೆಯಲ್ಲಿ, "ಆ ಮನೇಲಿ ಮೂರು ಓಟು," ಎನ್ನುತ್ತಿದ್ದಳು, ಮೊಟ್ಟೆ ಆರಿಸಿ ತಂದವಳ ಹಾಗೆ. ಗೆದ್ದ ದಿನ ಅವನು ಅವಳ ಕೈ ಎತ್ತಿ ಹಿಡಿದಿದ್ದ. ಜನ ಕೂಗಿದ್ದು ಯಾರ ಹೆಸರು? ಇಷ್ಟು ವರ್ಷಗಳಾದರೂ ಆ ಕೂಗು ಕಿವಿಯಲ್ಲಿದೆ, ಹೆಸರು ಮಾತ್ರ ತನ್ನದೇ ಎಂದು ಅವನು ನಿರ್ಧರಿಸಿಬಿಟ್ಟಿದ್ದ. ಸೋತ ದಿನ ಹಾಗೆ ನಿರ್ಧರಿಸುವುದಕ್ಕೆ ಏನೂ ಉಳಿದಿರಲಿಲ್ಲ: ರೈಲ್ವೆಯವರ ಸಭಾಂಗಣದಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬಂದು ಎನಿಡ್‌ಳನ್ನು ತಬ್ಬಿಕೊಂಡು ಅತ್ತರು, ಅವನ ಕೈ ಕುಲುಕಿ ಮುಂದೆ ಹೋದರು.

ಈಗ ಅದೇ ಕ್ಷೇತ್ರಕ್ಕೆ ಅವಳನ್ನೇ ಕೇಳಿದ್ದರು. ಪಕ್ಷದ ಶಾಖೆಯ ಅಧ್ಯಕ್ಷ ಮರ್ವಿನ್ ಡೂಲನ್, ರೈಲ್ವೆ ವರ್ಕ್‌ಶಾಪಿನ ಮೇಸ್ತ್ರಿ, ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತ ಕೇಳಿದ್ದ. ಕ್ಲೈವ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಎದುರಿಗೆ ಅದೇ ಪಕ್ಷದ ಇನ್ನೊಬ್ಬ ಆಕಾಂಕ್ಷಿ, ಹೈಸ್ಕೂಲ್ ಮೇಷ್ಟ್ರು ಕೀತ್ ಬಲ್ಮರ್. ಇವತ್ತು ಮಧ್ಯಾಹ್ನ ಶಾಖೆಯ ಸದಸ್ಯರು ಇಬ್ಬರಲ್ಲಿ ಒಬ್ಬರನ್ನು ಪಕ್ಷದ ಅಭ್ಯರ್ಥಿಯಾಗಿ ಆರಿಸಬೇಕು. ಪ್ರತಿಯೊಬ್ಬರ ಪರವಾಗಿ ಒಬ್ಬರು ಎರಡು ಮಾತು ಆಡಬಹುದು. ಡಲ್ಸಿ ಆಡುತ್ತಾಳೆ ಎಂದು ಎನಿಡ್ ಹೇಳಿದಾಗ ಕ್ಲೈವ್ ಸುದ್ದಿಪತ್ರಿಕೆಯಿಂದ ತಲೆ ಎತ್ತದೆ, "ನಾನೇ ಮಾತಾಡ್ತೀನಿ," ಎಂದಿದ್ದ. ಎನಿಡ್, "ನಿಜವಾಗ್ಲೂ? ನೀನು ಮಾತಾಡ್ತೀಯಾ?" ಎಂದು ಕೇಳಿದಳು. ಅವಳ ಮುಖ ಅರಳಿದ್ದನ್ನು ಅವನು ಪತ್ರಿಕೆಯ ಅಂಚಿನ ಮೇಲಿಂದ ಕಂಡ. ಆಗಲೇ ಎದೆಯ ಯಾವುದೋ ಮೂಲೆಯಲ್ಲಿ ಒಂದು ಸಣ್ಣ ಹುಳು ಮೈಮುರಿಯಿತು. ಅದಕ್ಕೆ ಅವನು ಹೆಸರು ಕೊಡಲಿಲ್ಲ.

ಊಟಕ್ಕೆ ತಣ್ಣನೆಯ ಉಪ್ಪಿನ ಮಾಂಸ, ಟೊಮೆಟೊ, ಬೀಟ್‌ರೂಟು. ಎನಿಡ್ ನೀಲಿ ಫ್ರಾಕು ಹಾಕಿಕೊಂಡು ಬಂದು ಬೆನ್ನು ತಿರುಗಿಸಿ, "ಗುಂಡಿ ಹಾಕು," ಎಂದಳು. ಅವನ ಬೆರಳು ಅವಳ ಕತ್ತಿನ ಹಿಂದಿನ ಬೆವರಿಗೆ ತಾಗಿತು.

"ಭಯ ಆಗ್ತಿದೆ," ಎಂದಳು.

"ನಿನಗಾ?"

"ನಗ್ಬೇಡ. ನಾನೇನು ನಿನ್ನ ಹಾಗೆ ನಿಂತು ಮಾತಾಡಿದವಳಾ? ಕೂತು ಮಾತಾಡಿ ಅಭ್ಯಾಸ ನನಗೆ."

"ಕೂತೇ ಮಾತಾಡು."

"ನೀನು ಮೊದ್ಲು ಮಾತಾಡಿದ್ರೆ ಸಾಕು. ಆಮೇಲೆ ನಾನು ಏನಂದ್ರೂ ನಡೀತದೆ," ಎಂದು ತಿರುಗಿ ಅವನ ಟೈ ಸರಿಮಾಡಿದಳು. ಆ ನಂಬಿಕೆ ಅವನಿಗೆ ಸಹಿಸಲಾಗಲಿಲ್ಲ. ಅವಳಿಗೆ ಸ್ವಲ್ಪ ಅನುಮಾನವಾದರೂ ಇದ್ದಿದ್ದರೆ ಎದುರಾಳಿಯಂತೆ ಕಾಣುತ್ತಿದ್ದಳು. ಎದುರಾಳಿಗಳನ್ನು ಗೌರವದಿಂದ ಕಾಣುವುದು ಅವನಿಗೆ ಗೊತ್ತಿತ್ತು.

ಸಭಾಂಗಣದ ಬಾಗಿಲಲ್ಲಿ ಮರ್ವಿನ್ ನಿಂತಿದ್ದ. "ಬನ್ನಿ ಬನ್ನಿ ಸಾಹೇಬ್ರೇ," ಎಂದು ಕ್ಲೈವ್‌ನ ಬೆನ್ನಿಗೆ ಗುದ್ದಿ, "ಇವತ್ತು ಫೀಸಿಲ್ಲ ಅಂತ ಗೊತ್ತಲ್ಲ? ಚಹಾ ಮಾತ್ರ. ಅದೂ ನೀವೇ ಬಗ್ಗಿಸ್ಕೋಬೇಕು." ಸುತ್ತ ಇದ್ದವರು ನಕ್ಕರು. ಕ್ಲೈವೂ ನಕ್ಕ. ಒಳಗೆ ಪಂಖಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ಹೆಂಗಸರು ಎನಿಡ್‌ಳನ್ನು ಮುತ್ತಿಕೊಂಡರು. ಯಾರೋ ಅವಳ ಕೈಗೆ ಮಾವಿನಹಣ್ಣಿನ ಚೀಲ ಕೊಟ್ಟರು, ಯಾರೋ ಅವಳ ಕೂದಲು ಕಿವಿಯ ಹಿಂದೆ ಸರಿಸಿದರು. ಅವಳ ಪಕ್ಕ ಖಾಲಿಯಿದ್ದ ಕುರ್ಚಿಯಲ್ಲಿ ಡಲ್ಸಿ ಕೂತಳು. ಡಲ್ಸಿ ವಿಧವೆ, ಅಗಲ ಭುಜದ, ಯಾರಿಗೂ ಹೆದರದ ಹೆಂಗಸು. ಕ್ಲೈವ್‌ನನ್ನು ಅವಳು ಎಂದೂ ಹೆಸರು ಹಿಡಿದು ಕರೆದದ್ದಿಲ್ಲ, "ನಿಮ್ಮೋನು" ಎಂದು ಎನಿಡ್ ಮುಖಾಂತರವೇ ಮಾತಾಡಿಸುವಳು. ಕ್ಲೈವ್ ಹಿಂದಿನ ಸಾಲಿನಲ್ಲಿ ಕೂತ. ಎದುರಿನ ಸಾಲಿನಲ್ಲಿ ವರ್ಕ್‌ಶಾಪಿನ ಒಬ್ಬ ಯುವಕ ಪಕ್ಕದವನಿಗೆ, "ಇವಳ ಗಂಡ ಏನ್ ಮಾಡ್ತಾನೆ?" ಎಂದು ಕೇಳಿದ. "ಲಾಯರ್ ಅಂತೆ ಕಣೋ. ಒಂದ್ಸಲ ಎಲೆಕ್ಷನ್‌ಗೂ ನಿಂತಿದ್ದ ಅಂತ ಕಾಣ್ಸುತ್ತೆ." "ಗೆದ್ನಾ?" "ಇಲ್ಲ ಅನ್ಸುತ್ತೆ." ಕ್ಲೈವ್ ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡ. ಎಷ್ಟು ಬಿಳಿ, ಎಷ್ಟು ಮೆತ್ತಗೆ.

ಕೀತ್ ಬಲ್ಮರ್ ಮತ್ತು ಅವನ ಕಡೆಯವನು ಮಾತಾಡಿ ಮುಗಿಸಿದ್ದು ಅವನಿಗೆ ಸರಿಯಾಗಿ ಕೇಳಿಸಲಿಲ್ಲ. ಮರ್ವಿನ್ ಕ್ಲೈವ್‌ನ ಹೆಸರು ಕೂಗಿದಾಗ ಎದ್ದು ವೇದಿಕೆಗೆ ಹೋದ. ನಿಂತ ಕೂಡಲೇ ಮೈಯೊಳಗೆ ಎಲ್ಲ ನೆಟ್ಟಗಾಯಿತು, ಕೋರ್ಟಿನಲ್ಲಿ ಆಗುವ ಹಾಗೆ. ಮುಖಗಳು ಮೇಲಕ್ಕೆ ತಿರುಗಿದವು. ಇಷ್ಟು ದಿನ ಎಲ್ಲಿದ್ದಿರಿ, ಎಂದು ಅವನು ಮನಸ್ಸಿನಲ್ಲೇ ಆ ಮುಖಗಳನ್ನು ಕೇಳಿದ. ಎನಿಡ್ ಬಗ್ಗೆ ಅವನು ಬಹಳ ಚೆನ್ನಾಗಿ ಶುರುಮಾಡಿದ. ಬಕೆಟ್ಟಿನ ಕತೆ ಹೇಳಿದ, ನಗಿಸಿದ. ಎನಿಡ್ ತಲೆ ತಗ್ಗಿಸಿ ನಾಚಿಕೊಂಡಳು. ಸಾಕಿತ್ತು, ಅಲ್ಲಿಗೆ ನಿಲ್ಲಿಸಿ ಕೂತಿದ್ದರೆ ಸಾಕಿತ್ತು. ಆದರೆ ನಗು ಮುಗಿಯುತ್ತಿದ್ದ ಹಾಗೆ ಅವರ ಕಣ್ಣುಗಳೆಲ್ಲ ತನ್ನಿಂದ ಜಾರಿ ಅವಳ ಕಡೆ ಹೋದದ್ದನ್ನು ಅವನು ನೋಡಿದ. ಆ ಕ್ಷಣಕ್ಕೆ ದನಿಯನ್ನು ಇಳಿಸಿದ. ಯಾವ ಸಾಕ್ಷಿಯನ್ನೂ ಬೈದು ಕೆಡಿಸಬಾರದು, ಕನಿಕರದಿಂದ ಕೆಡಿಸಬೇಕು ಎಂಬುದು ಅವನ ಕಸುಬಿನ ಮೊದಲ ಪಾಠ. ಕಲಿಸಿಕೊಟ್ಟ ಮುದುಕನ ಕೆಮ್ಮು ಕೂಡ ನೆನಪಾಯಿತು.

"ಇವಳ ಧೈರ್ಯ ನಿಮಗೆ ಗೊತ್ತಿಲ್ಲ," ಎಂದ. "ನನಗೆ ಗೊತ್ತು. ನಾನು ಗೆದ್ದು ಬಂದ ವರ್ಷ ಚಳಿಗಾಲದಲ್ಲಿ ಇವಳು ಕಾಣಿಸದೆ ಇದ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ತಂಗಿ ಮನೆಗೆ ಹೋಗಿದಾಳೆ ಅಂತ ನಾವು ಹೇಳಿದ್ವಿ. ಇವಳು ಆಸ್ಪತ್ರೇಲಿದ್ದಳು. ನರಗಳು ಸೋತಿದ್ದವು. ತಿಂಗಳುಗಟ್ಟಲೆ. ಮಾತು ನಿಂತುಹೋಗಿತ್ತು, ಊಟ ನಿಂತುಹೋಗಿತ್ತು. ನಾನು ಹಾಸಿಗೆ ಪಕ್ಕ ಕೂತು ಚಮಚದಲ್ಲಿ ತಿನ್ನಿಸ್ತಿದ್ದೆ. ಅಂಥಾದ್ದರಿಂದ ಎದ್ದು ಬಂದವಳು ಇವತ್ತು ನಿಮ್ಮ ಮುಂದೆ ನಿಂತಿದಾಳೆ. ಬ್ರಿಸ್ಬೇನಿನ ಆ ಸಭೆ ಹೇಗಿರ್ತದೆ ಅಂತ ನಾನು ನೋಡಿದೀನಿ. ಕಲ್ಲಿನಂಥವರನ್ನೂ ಅರೀತದೆ. ಗಂಡನಾಗಿ ನನಗೆ ಭಯ ಇದೆ, ಸುಳ್ಳು ಹೇಳಲ್ಲ. ಆದ್ರೆ ಅವಳಿಗೆ ಹೋಗ್ಬೇಕು ಅಂತಿದೆ. ನೀವು ಅವಳನ್ನ ಜೋಪಾನ ಮಾಡ್ತೀರಿ ಅಂತ ನಂಬಿ, ನಾನು ಅವಳ ಹೆಸರು ಹೇಳ್ತಿದೀನಿ."

ಮುಂದಿನ ಸಾಲಿನ ಒಬ್ಬ ಮುದುಕಿ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಳು. ಮೊದಲ ಸಲ ಅವಳು ಎನಿಡ್‌ಳನ್ನಲ್ಲ, ಅವನನ್ನು ನೋಡಿ ಅಳುತ್ತಿದ್ದಳು. ಒಂದು ಸಿಹಿ ಅವನ ಗಂಟಲಿಗೆ ಇಳಿಯಿತು. ಅದರ ಹಿಂದೆಯೇ, ತಡವಾಗಿ, ಇನ್ನೊಂದು ಚಿತ್ರ. ಉದ್ದನೆಯ ವಾರ್ಡು, ಒಂದೇ ಬಣ್ಣದ ಹೊದಿಕೆಗಳು. ಕಿಟಕಿಯ ಕಡೆ ತಿರುಗಿ ಮಲಗಿದ್ದ ಎನಿಡ್. ಅವನು ದ್ರಾಕ್ಷಿ ತಂದಿದ್ದ. ಬ್ರಿಸ್ಬೇನಿನ ರೈಲಿಗೆ ಹೊತ್ತಾಗುತ್ತದೆಂದು ಕೋಟು ಕೂಡ ಬಿಚ್ಚದೆ, ದ್ರಾಕ್ಷಿ ಕಪಾಟಿನ ಮೇಲಿಟ್ಟು, ಹಣೆಗೆ ಮುತ್ತಿಟ್ಟು ಹೊರಟಿದ್ದ. ಹೋದದ್ದು ಅಷ್ಟೇ, ಒಂದೇ ಸಲ. ಆಮೇಲೆ ಅಧಿವೇಶನ, ಆಮೇಲೆ ಸಮಿತಿ, ಆಮೇಲೆ ಏನೋ. ಚಮಚದಲ್ಲಿ ತಿನ್ನಿಸಿದ್ದು ಡಲ್ಸಿ. ಬಸ್ಸು ಹಿಡಿದು ಹೋಗುತ್ತಿದ್ದಳು, ಮಳೆಯಿರಲಿ ಬಿಸಿಲಿರಲಿ. ತಂಗಿಯ ಮನೆಯ ಕತೆ ಕಟ್ಟಿದ್ದು ಅವನು. ಹೊಸ ಶಾಸಕನ ಹೆಂಡತಿಗೆ ಹುಚ್ಚು ಎಂದು ಊರು ಆಡಿಕೊಳ್ಳಬಾರದೆಂದು, ಯಾರಿಗೂ ಹೇಳಕೂಡದು ಎಂದು ಡಲ್ಸಿಯಿಂದ ಮಾತು ಪಡೆದವನೂ ಅವನೇ. ಇದೆಲ್ಲ ಅವನು ಮರೆತಿರಲಿಲ್ಲ. ಮಾತಾಡುವಾಗ ಚಮಚ ತಾನಾಗಿಯೇ ಕೈಗೆ ಬಂದಿತ್ತು, ಹಿಡಿದುಕೊಂಡ.

ಡಲ್ಸಿ ಎದ್ದು ನಿಲ್ಲುತ್ತಿದ್ದಳು. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಎಲ್ಲರೂ ತಿರುಗಿದರು. ಅವಳ ಕುತ್ತಿಗೆ ಕೆಂಪಾಗಿತ್ತು. "ಅಧ್ಯಕ್ಷರೇ, ಒಂದು ಮಾತು ಕೇಳ್ಬೇಕು ನಾನು. ಯಾರಪ್ಪ ತಿನ್ನಿಸ್ತಿದ್ದದ್ದು..." ಎಂದಳು, ಅಷ್ಟರಲ್ಲಿ ಎನಿಡ್ ಅವಳ ಮೊಣಕೈ ಹಿಡಿದಳು. ಜೋರಾಗಿ ಏನೂ ಅಲ್ಲ. ಬಿಸಿ ಪಾತ್ರೆಯ ಕಡೆ ಹೋಗುವ ಮಗುವಿನ ಕೈ ಹಿಡಿಯುವ ಹಾಗೆ. "ಕೂತ್ಕೊಳ್ಳೇ," ಎಂದಳು. "ನನ್ನ ಸರದಿ."

"ಎನಿಡ್, ಇವನು..."

"ಗೊತ್ತು ಕಣೆ. ಕೂತ್ಕೋ."

ಅವಳು ವೇದಿಕೆಗೆ ಬರುವಾಗ, ಇಳಿಯುತ್ತಿದ್ದ ಕ್ಲೈವ್ ಮೆಟ್ಟಿಲಲ್ಲಿ ಎದುರಾದ. ಕ್ಷಣಹೊತ್ತು ಇಬ್ಬರ ಮುಖ ತೀರ ಹತ್ತಿರವಿತ್ತು. ಅವನು ಅವಳ ಮುಖದಲ್ಲಿ ಸಿಟ್ಟನ್ನು ಹುಡುಕಿದ. ಸಿಟ್ಟಿದ್ದರೆ ಉತ್ತರ ಸಿದ್ಧವಿತ್ತು: ನಿನ್ನ ಒಳ್ಳೆಯದಕ್ಕೇ ಹೇಳಿದೆ. ಅವಳು ಅವನನ್ನು ನೋಡುತ್ತಿದ್ದದ್ದು, ಬಹಳ ದಿನದಿಂದ ಬೀರುವಿನಲ್ಲಿದ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು ಎಲ್ಲೆಲ್ಲಿ ಹರಿದಿದೆ ಎಂದು ನೋಡುವ ಹಾಗೆ. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಎನಿಡ್ ವೇದಿಕೆಯ ಮೇಜಿನ ಅಂಚು ಹಿಡಿದು ನಿಂತಳು. ಹಿಂದೆ ಯಾರೋ ಕೆಮ್ಮಿದರು. ಈಗ ಹೇಳುತ್ತಾಳೆ, ಎಂದುಕೊಂಡ ಕ್ಲೈವ್. ಒಂದು ವಾಕ್ಯ ಸಾಕು: ನನ್ನ ಗಂಡ ಒಂದೇ ಸಲ ಬಂದಿದ್ದ. ಡಲ್ಸಿ ಸಾಕ್ಷಿ ಇದ್ದಾಳೆ. ಅಷ್ಟಾದರೆ ಸಭೆ ಹುಚ್ಚೆದ್ದು ಅವಳ ಪರವಾಗುತ್ತದೆ, ತಾನು ಈ ಊರಿನಲ್ಲಿ ತಲೆ ಎತ್ತುವಂತಿಲ್ಲ. ತಾನಾಗಿದ್ದರೆ ಹೇಳುತ್ತಿದ್ದ. ಯಾವ ವಕೀಲ ಬಿಟ್ಟಾನು?

"ಆಸ್ಪತ್ರೇಲಿದ್ದದ್ದು ನಿಜ," ಎಂದಳು ಎನಿಡ್. "ಯಾಕೆ ಹಾಗಾಯ್ತು ಅಂತ ನನಗೆ ಈಗ್ಲೂ ಗೊತ್ತಿಲ್ಲ. ಒಂದಿನ ಬೆಳಿಗ್ಗೆ ಬಟ್ಟೆ ಒಗೆಯೋಕೆ ಹೋಗಿ ನೆಲದ ಮೇಲೆ ಕೂತೆ, ಏಳೋಕಾಗ್ಲಿಲ್ಲ. ಮತ್ತೆ ಬರೋದೇ ಇಲ್ಲ ಅಂತ ಹೇಳೋಕೂ ನನಗಾಗಲ್ಲ. ಬರಬಹುದು. ಅದನ್ನ ಯೋಚಿಸಿ ಓಟು ಹಾಕಿ. ನನ್ನನ್ನ ಜೋಪಾನ ಮಾಡೋದೇನೂ ಬೇಡ." ಅಷ್ಟು ಹೇಳಿ, ತಗ್ಗಿನ ಬೀದಿಗಳ ಬಗ್ಗೆ, ಹೆರಿಗೆ ವಾರ್ಡಿನ ಬಗ್ಗೆ, ವರ್ಕ್‌ಶಾಪಿನ ಹೊಗೆಯ ಬಗ್ಗೆ ಹೇಳಬೇಕೆಂದು ಇಟ್ಟುಕೊಂಡಿದ್ದನ್ನು ಸ್ವಲ್ಪ ತಡವರಿಸುತ್ತಲೇ ಹೇಳಿ ಇಳಿದಳು. ಅವನ ಬಗ್ಗೆ ಒಂದಕ್ಷರವೂ ಬರಲಿಲ್ಲ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ. ಬಚಾವಾದೆ ಎಂಬ ಅವನ ಸಮಾಧಾನದೊಳಗೆ ಒಂದು ಮುಳ್ಳು ಮುರಿದು ಕೂತಿತ್ತು: ಅವಳು ತನ್ನನ್ನು ಬಿಟ್ಟುಬಿಟ್ಟಳು.

ಚೀಟಿಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಬಿದ್ದವು. ಮರ್ವಿನ್ ಎಣಿಸಿ, ಮತ್ತೊಮ್ಮೆ ಎಣಿಸಿ, ಕನ್ನಡಕ ತೆಗೆದ. ಎನಿಡ್‌ಗೆ ಸ್ವಲ್ಪದರಲ್ಲಿ ತಪ್ಪಿತ್ತು. ಕೀತ್ ಬಲ್ಮರ್. ಚಪ್ಪಾಳೆ ಬಿತ್ತು, ಯಾರಿಗೂ ಖುಷಿಯಿದ್ದ ಹಾಗೆ ಕಾಣಲಿಲ್ಲ. ಎನಿಡ್ ಮೊದಲು ಹೋಗಿ ಮೇಷ್ಟ್ರ ಕೈ ಕುಲುಕಿದಳು. ಅವನು ಅವಳ ಕೈ ಬಿಡದೆ, "ನೀವು ನನ್ನ ಜೊತೆ ಮನೆಮನೆಗೆ ಬರ್ಬೇಕು ಎನಿಡ್, ಇಲ್ಲಾಂದ್ರೆ ನಾನು ಮುಳುಗ್ದೆ," ಎಂದ. ಮರ್ವಿನ್ ಚಹಾ ಬಗ್ಗಿಸುತ್ತ ಕ್ಲೈವ್ ಪಕ್ಕಕ್ಕೆ ಬಂದ. ಅವನ ದನಿಯಲ್ಲಿ ಬಾಗಿಲಲ್ಲಿದ್ದಾಗಿನ ಹುಡುಗಾಟ ಇರಲಿಲ್ಲ. "ನನಗೆ ಗೊತ್ತೇ ಇರ್ಲಿಲ್ಲ ಮಾರಾಯ. ಪಾಪ. ನೀನು ಹೇಳಿದ್ದು ಒಳ್ಳೇದೇ ಆಯ್ತು. ಅಲ್ಲಿ ಹೋಗಿ ಕುಸಿದುಬಿದ್ದಿದ್ರೆ?" ಆ ಪಾಪ ಎಂಬ ಮಾತಿಗೆ ಕ್ಲೈವ್ ಕಾಯುತ್ತಿದ್ದ. ಬಂದಾಗ ಅದು ಬಾಯಲ್ಲಿ ಸುಣ್ಣದ ಹಾಗಿತ್ತು. ಆಚೆ ಬದಿಯಲ್ಲಿ ಹೆಂಗಸರೆಲ್ಲ ಎನಿಡ್‌ಳ ಸುತ್ತ ನಿಂತಿದ್ದರು, ಸೋತವಳ ಸುತ್ತ, ಗೆದ್ದಿದ್ದರೂ ಇದಕ್ಕಿಂತ ಹತ್ತಿರ ನಿಲ್ಲುತ್ತಿರಲಿಲ್ಲ. ಹಾಗಾದರೆ ತಾನು ಅವಳಿಂದ ಕಿತ್ತುಕೊಂಡದ್ದಾದರೂ ಏನು?

ಕಾರು ಓಡಿಸಿದ್ದು ಎನಿಡ್. ಪೇಟೆಯ ಬೀದಿಯ ನಡುವೆ ಹಾಸಿದ ಹಳಿಯ ಮೇಲೆ ಗೂಡ್ಸ್ ರೈಲೊಂದು ನಡೆಯುವವರಷ್ಟೇ ನಿಧಾನವಾಗಿ ಬರುತ್ತಿತ್ತು. ಅವಳು ಕಾರು ನಿಲ್ಲಿಸಿದಳು. ದನ ತುಂಬಿದ ವ್ಯಾಗನ್ನುಗಳು ಒಂದೊಂದಾಗಿ ಹಾದುಹೋದವು, ಸಂದಿಗಳಲ್ಲಿ ಮೂತಿಗಳು, ಕಣ್ಣುಗಳು.

"ಏನಾದ್ರೂ ಅನ್ನು," ಎಂದ.

"ಏನನ್ನಲಿ?"

"ನೀನು ಹೇಳ್ಬಹುದಿತ್ತು. ಅಲ್ಲೇ, ಎಲ್ಲರ ಮುಂದೆ. ಗೆಲ್ತಿದ್ದೆ."

"ಹೌದು, ಗೆಲ್ತಿದ್ದೆ."

"ನನ್ನ ಮಾನ ಉಳೀಲಿ ಅಂತ ಬಿಟ್ಟೆಯಾ?"

ಅವಳು ಯೋಚಿಸಿದಳು, ನಿಜವಾಗಿಯೂ ಉತ್ತರ ಹುಡುಕುವವಳ ಹಾಗೆ. "ನಿನಗೋಸ್ಕರ ಅಲ್ಲ, ಕ್ಲೈವ್. ಬಾಯಿ ತನಕ ಬಂದಿತ್ತು. ಆದ್ರೆ ಆ ಚಳಿಗಾಲ ನನ್ನದು. ನನ್ನ ಹತ್ರ ಪೂರ್ತಿ ನನ್ನದು ಅಂತ ಇರೋದು ಅದೊಂದೇ. ಅದನ್ನ ಓಟಿಗೆ ಮಾರೋಕೆ ನನಗಾಗ್ಲಿಲ್ಲ. ನೀನು ಮಾರ್ದೆ." ಸ್ವಲ್ಪ ಬಿಟ್ಟು, "ಅದೂ ಎಷ್ಟು ಅಗ್ಗಕ್ಕೆ," ಎಂದಳು.

ರೈಲಿನ ಕೊನೆಯ ಡಬ್ಬಿ ದಾಟಿತು. ಅವಳು ತಮ್ಮ ಬೀದಿಗೆ ತಿರುಗಿ, ತಮ್ಮ ಮನೆಯ ಎದುರು ನಿಲ್ಲಿಸದೆ ಡಲ್ಸಿಯ ಗೇಟಿನ ಮುಂದೆ ನಿಲ್ಲಿಸಿದಳು. ಎಂಜಿನ್ ಆರಿಸಲಿಲ್ಲ. "ನಾನು ಇಲ್ಲೇ ಇರ್ತೀನಿ," ಎಂದಳು. "ಎಷ್ಟು ದಿನ ಅಂತ ಕೇಳ್ಬೇಡ, ನನಗೂ ಗೊತ್ತಿಲ್ಲ. ಕಾರು ನೀನು ತಗೊಂಡ್ಹೋಗು." ಇಳಿದಳು, ಬಾಗಿಲು ಮೆಲ್ಲಗೆ ಹಾಕಿದಳು. ಡಲ್ಸಿಯ ಮೆಟ್ಟಿಲು ಹತ್ತುವಾಗ ಅವಳ ಬೆನ್ನಿನ ಗುಂಡಿಗಳಲ್ಲಿ ಒಂದು ಬಿಚ್ಚಿಕೊಂಡಿತ್ತು. ಕೂಗಿ ಹೇಳಬೇಕೆನಿಸಿತು, ಹೇಳಲಿಲ್ಲ. ಜಾಲರಿಯ ಬಾಗಿಲು ತೆರೆದು ಮುಚ್ಚಿತು.

ಅವನು ಸೀಟಿನ ಮೇಲೆ ಜಾರಿ ಸ್ಟಿಯರಿಂಗ್ ಹಿಂದೆ ಕೂತ. ಅವಳ ಮೈ ಬಿಸಿ ಸೀಟಿನಲ್ಲಿ ಇನ್ನೂ ಇತ್ತು. ಓಡಿಹೋಗಿ ಬಾಗಿಲು ಬಡಿಯಬೇಕು, ಕ್ಷಮೆ ಕೇಳಬೇಕು, ಅಳಬೇಕು, ಇಂಥ ಹೊತ್ತಿನಲ್ಲಿ ಗಂಡಸು ಏನು ಮಾಡಬೇಕೋ ಅದನ್ನು ಮಾಡಬೇಕು ಎಂದು ಗೊತ್ತಿತ್ತು. ಆದರೆ ಮನಸ್ಸು ಅಲ್ಲಿರಲಿಲ್ಲ. ಅದು ಅವಳಾಡಿದ ಮಾತನ್ನು ಹಿಡಿದು ಕೂತಿತ್ತು. ಇಷ್ಟು ವರ್ಷ ಕೋರ್ಟುಗಳಲ್ಲಿ, ವಿಧಾನಸಭೆಯಲ್ಲಿ, ಎಷ್ಟೊಂದು ಭಾಷಣಗಳಲ್ಲಿ, ತನಗೆ ಒಮ್ಮೆಯೂ ಅಂಥ ಮಾತು ಹೊಳೆದಿರಲಿಲ್ಲ. ಅವಳು ಅದನ್ನು ರೈಲಿಗೆ ಕಾಯುತ್ತ, ಕೇಳುವವರು ಯಾರೂ ಇಲ್ಲದಲ್ಲಿ ಆಡಿಬಿಟ್ಟಿದ್ದಳು. ಮುಚ್ಚಿದ ಕಾರಿನೊಳಗೆ ಅವನು ಗಂಟಲು ಸರಿಮಾಡಿಕೊಂಡು, "ಆ ಚಳಿಗಾಲ ನನ್ನದು," ಎಂದ. ಸರಿ ಬರಲಿಲ್ಲ. ಒತ್ತು ಬೇರೆ ಕಡೆ ಕೊಟ್ಟು ಇನ್ನೊಮ್ಮೆ ಹೇಳಿ ನೋಡಿದ.